ಸತ್ತ ಕುದುರೆಯ ಬಾಲಕ್ಕೂ ಪೂರ್ತಿ ಬೆಲೆ

ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರವನ್ನು ಆಳಿದ ಸಾಳುವ ನರಸಿಂಹ ಸತ್ತ ಕುದುರೆಗಳಿಗೂ ಹಣ ಕೊಡುತ್ತಿದ್ದನಂತೆ. ಹೋರ್ಮುಜ್ ಮತ್ತು ಏಡನ್‌ಗಳಿಂದ ಹಡಗೇರಿ ಬರುವ ಕುದುರೆಗಳನ್ನು ಆತ ಮೂರಕ್ಕೆ ಸಾವಿರ ಪರ್ದಾವ್‌ನಂತೆ ಕೊಳ್ಳುತ್ತಿದ್ದ. ವಿಜಯನಗರದ ಚಿನ್ನದ ನಾಣ್ಯಕ್ಕೆ ಪೋರ್ಚುಗೀಸರು ಇಟ್ಟ ಹೆಸರು ಪರ್ದಾವ್. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ವ್ಯಾಪಾರಿ ತಂದು ತೋರಿಸಿದರೂ ಸಾಕಿತ್ತು. ಬದುಕಿ ಬಂದ ಕುದುರೆಗೆ ಸಲ್ಲುವ ಹಣವೇ ಅದಕ್ಕೂ ಸಲ್ಲುತ್ತಿತ್ತು.

ಈ ಸಂಗತಿಯನ್ನು ಬರೆದಿಟ್ಟವನು ಪೋರ್ಚುಗೀಸ್ ಪ್ರವಾಸಿ ನೂನಿಜ್. ಆತ ಸ್ವತಃ ಕುದುರೆ ವ್ಯಾಪಾರಿಯಾಗಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಅವನು ವಿಜಯನಗರದಲ್ಲಿದ್ದುದು 1535ರಿಂದ 1537ರ ಸುಮಾರಿಗೆ. ನರಸಿಂಹ ತೀರಿಕೊಂಡದ್ದು 1491ರಲ್ಲಿ. ಅಂದರೆ ಬಾಲದ ಕತೆ ನಲವತ್ತು ವರ್ಷಗಳಿಗೂ ಮಿಕ್ಕಿ ಜನರ ಬಾಯಲ್ಲಿ ಉಳಿದು ಬಂದ ಕತೆ. ಉದಾರಿ ದೊರೆಯನ್ನು ನೆನೆದು ವ್ಯಾಪಾರಿಗಳು ಸ್ವಲ್ಪ ಉಪ್ಪು ಖಾರ ಬೆರೆಸಿರಲೂಬಹುದು. ಆದರೆ ಕತೆ ಕೇಳಿದವರಿಗೆಲ್ಲ ಹೊಳೆಯುವ ಪ್ರಶ್ನೆಯೊಂದಿದೆ. ಆ ಬಾಲ ಯಾವ ಕುದುರೆಯದು? ಹೋರ್ಮುಜ್‌ನಲ್ಲಿ ಹಡಗು ಹತ್ತಿದ ಜಾತಿ ಕುದುರೆಯದೋ, ಇಲ್ಲೇ ಘಟ್ಟದ ಕೆಳಗೆ ಸತ್ತ ಬಡಕಲು ತಟ್ಟುವಿನದೋ?

ಇಂದು ಕುದುರೆ ಪಂದ್ಯ ಮುಗಿದೊಡನೆ ಗೆದ್ದ ಕುದುರೆಯ ಮೂತ್ರವನ್ನು ಸೀಸೆಗೆ ತುಂಬಿ, ಮೊಹರು ಹಾಕಿ, ಪ್ರಯೋಗಶಾಲೆಗೆ ಕಳಿಸುವ ಪದ್ಧತಿಯ ಹಿಂದೆ ಇರುವುದೂ ಇದೇ ಬಗೆಯ ಪ್ರಶ್ನೆ. ಕುದುರೆ ಮಾತಾಡುವುದಿಲ್ಲ. ಅದರ ಸುತ್ತ ನಿಂತ ಮನುಷ್ಯರೆಲ್ಲರಿಗೂ ಅದರ ಮೇಲೆ ಹಣದ ಆಸೆ ಇರುತ್ತದೆ. ಆದ್ದರಿಂದ ಸಾಕ್ಷ್ಯ ಕುದುರೆಯ ದೇಹದಿಂದಲೇ ಬರಬೇಕು. ಆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ಮೇಲೆ ಖಜಾನೆಯ ಹಣವಷ್ಟೇ ಅಲ್ಲ, ಅನೇಕ ವೇಳೆ ನಿರಪರಾಧಿಗಳ ಮಾನ ಪ್ರಾಣಗಳೂ ನಿಂತಿರುತ್ತವೆ. ಉತ್ತರ ಕನ್ನಡದ ಕರಾವಳಿಯ ಇತಿಹಾಸ ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

ಮೂರು ಹೊಳೆಗಳ ಬಾಯಿಯಲ್ಲಿ

ಶರಾಬಿ ಹೊಳೆಯ ದಡದ ಭಟ್ಕಳ, ಶರಾವತಿ ಕಡಲು ಸೇರುವಲ್ಲಿನ ಹೊನ್ನಾವರ, ಅಘನಾಶಿನಿಯ ದಡದಲ್ಲಿ ಇಂದಿನ ಕುಮಟಾ ತಾಲ್ಲೂಕಿಗೆ ಸೇರಿದ ಮಿರ್ಜಾನ್ - ಈ ಮೂರೂ ಹಳೆಯ ಬಂದರುಗಳು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಹೊರಗೆ ಹೋಗುತ್ತಿದ್ದವು. ಬದಲಿಗೆ ಬರುತ್ತಿದ್ದ ಸರಕುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕುದುರೆ.

ದಕ್ಷಿಣ ಭಾರತದ ಹವೆಯಲ್ಲಿ ಯುದ್ಧಕ್ಕೆ ಯೋಗ್ಯವಾದ ದೊಡ್ಡ ಕುದುರೆಗಳ ತಳಿ ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಅರಬ್ ಮತ್ತು ಪಾರಸಿ ಕುದುರೆಗಳನ್ನು ವರ್ಷ ವರ್ಷವೂ ತರಿಸಬೇಕಾಗಿತ್ತು. ಬಹಮನಿ ಸುಲ್ತಾನರ ಅಶ್ವದಳವನ್ನು ಎದುರಿಸಬೇಕಿದ್ದ ವಿಜಯನಗರಕ್ಕೆ ಇದು ಅಳಿವು ಉಳಿವಿನ ಮಾತಾಗಿತ್ತು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದುಕೊಂಡ ಮೇಲಂತೂ ವಿಜಯನಗರದ ಕುದುರೆಗಳಿಗೆ ಭಟ್ಕಳ ಮತ್ತು ಹೊನ್ನಾವರಗಳೇ ಮುಖ್ಯ ಬಾಗಿಲುಗಳಾದವು.

ಹೊನ್ನಾವರಕ್ಕೂ ಕುದುರೆಗೂ ಇದ್ದ ನಂಟು ಇನ್ನೂ ಹಳೆಯದು. ವಿಜಯನಗರ ತಲೆಯೆತ್ತುತ್ತಿದ್ದ ಕಾಲದಲ್ಲೇ, 1342ರ ಸುಮಾರಿಗೆ, ಮೊರಾಕೋದ ಪ್ರವಾಸಿ ಇಬನ್ ಬತೂತ ಇಲ್ಲಿಗೆ ಬಂದಿದ್ದ. ಹೊನ್ನಾವರದ ಸುಲ್ತಾನ ಗೋವೆಯ ಮೇಲೆ ದಂಡೆತ್ತಿ ಹೋದಾಗ ಆತನೂ ಜೊತೆಗಿದ್ದ. ಆ ನೌಕಾಪಡೆಯಲ್ಲಿ ಹಿಂಭಾಗ ತೆರೆದುಕೊಳ್ಳುವ ಎರಡು ವಿಶೇಷ ಹಡಗುಗಳಿದ್ದವು ಎಂದು ಅವನು ಬರೆದಿದ್ದಾನೆ. ಸವಾರ ಹಡಗಿನ ಒಳಗೇ ಕವಚ ತೊಟ್ಟು, ಕುದುರೆಯೇರಿ, ನೇರವಾಗಿ ದಡಕ್ಕೆ ನುಗ್ಗಬಹುದಿತ್ತು. ಕುದುರೆಯನ್ನು ಕಡಲ ಮೇಲೆ ಸಾಗಿಸುವ ವಿದ್ಯೆ ಈ ತೀರಕ್ಕೆ ಅಷ್ಟು ಹಿಂದೆಯೇ ಕರಗತವಾಗಿತ್ತು.

ಆದರೂ ಆ ಪ್ರಯಾಣ ಸುಲಭದ್ದಲ್ಲ. ವಾರಗಟ್ಟಲೆ ಹಡಗಿನ ಹೊಯ್ದಾಟ, ಇಕ್ಕಟ್ಟು, ನೀರಿನ ಅಭಾವ. ಕುದುರೆಗಳು ದಾರಿಯಲ್ಲೇ ಸಾಯುತ್ತಿದ್ದವು. ನಷ್ಟದ ಭಯಕ್ಕೆ ವ್ಯಾಪಾರಿ ಮುಂದಿನ ವರ್ಷ ಬರದೇ ಹೋದರೆ ದೊರೆಯ ಅಶ್ವದಳ ಸೊರಗುತ್ತಿತ್ತು. ಹಾಗಾಗಿ ಸತ್ತ ಕುದುರೆಗೂ ಹಣ ಕೊಡುವುದು ಹುಚ್ಚುತನವಾಗಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ವಿಮೆ. ನರಸಿಂಹನೇ ಅದನ್ನು ಮೊದಲು ಮಾಡಿದವನೂ ಅಲ್ಲ. ಅವನಿಗಿಂತ ಸುಮಾರು ಇನ್ನೂರು ವರ್ಷಗಳ ಹಿಂದೆ ತಮಿಳು ತೀರದ ಪಾಂಡ್ಯರಿಗೆ ಕುದುರೆ ಒದಗಿಸುತ್ತಿದ್ದವರೂ ಇದೇ ಕರಾರು ಮಾಡಿಕೊಂಡಿದ್ದರು. ಪಾರಸಿ ಇತಿಹಾಸಕಾರ ವಸ್ಸಾಫ್‌ನ ಪ್ರಕಾರ ವರ್ಷಕ್ಕೆ 1,400 ಕುದುರೆಗಳು, ತಲಾ 220 ಚಿನ್ನದ ದಿನಾರ್. ದಾರಿಯಲ್ಲಿ ಸತ್ತವುಗಳ ಬೆಲೆಯೂ ಅರಸನ ಖಜಾನೆಯಿಂದಲೇ.

ವಿಮೆ ಇದ್ದಲ್ಲಿ ಅನುಮಾನವೂ ಇರುತ್ತದೆ. ಅದೇ ಪಾಂಡ್ಯ ನಾಡನ್ನು ಕಂಡ ಮಾರ್ಕೊ ಪೋಲೊ ವ್ಯಾಪಾರಿಗಳ ಮೇಲೆ ಒಂದು ಆರೋಪ ಹೊರಿಸಿದ್ದಾನೆ. ಕುದುರೆಗಳ ಆರೈಕೆ ಬಲ್ಲವರು ಆ ದೇಶಕ್ಕೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಾರೆ, ಕುದುರೆಗಳು ಬೇಗ ಬೇಗ ಸತ್ತರೆ ಅವರಿಗೆ ಮತ್ತೆ ಮಾರಾಟ ಎನ್ನುವುದು ಅವನ ದೂರು. ಅದು ನಿಜವೋ ಸುಳ್ಳೋ, ಕುದುರೆ ವ್ಯಾಪಾರಿಯ ಬಗ್ಗೆ ಜನರಲ್ಲಿದ್ದ ಸಂಶಯವನ್ನಂತೂ ಅದು ಹೇಳುತ್ತದೆ.

ಬಾಲದ ಜೊತೆಗೆ ಬರೆ

ಸತ್ತ ಪ್ರಾಣಿಯ ಅಂಗವನ್ನು ಸಾಕ್ಷ್ಯವಾಗಿ ಒಪ್ಪಿಸುವ ಪದ್ಧತಿಗೆ ಬಹಳ ಹಳೆಯ ಶಾಸ್ತ್ರದ ಆಧಾರವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ ಈ ಬಗ್ಗೆ ಸ್ಪಷ್ಟ ನಿಯಮ ಹೇಳುತ್ತದೆ. ಕಾಯುವವನ ವಶದಲ್ಲಿದ್ದ ಪ್ರಾಣಿ ಸತ್ತರೆ, ಹಸು ಎಮ್ಮೆಯಾದರೆ ಮುದ್ರೆಯಿರುವ ಚರ್ಮ, ಆಡು ಕುರಿಯಾದರೆ ಗುರುತಿರುವ ಕಿವಿ, ಕುದುರೆ ಕತ್ತೆ ಒಂಟೆಗಳಾದರೆ ಬಾಲ ಮತ್ತು ಮುದ್ರೆಯಿರುವ ಚರ್ಮ - ಇವನ್ನು ತಂದು ಒಪ್ಪಿಸಬೇಕು.

ಇಲ್ಲಿ ಗಮನಿಸಬೇಕಾದದ್ದು ಚರ್ಮದ ಮಾತು. ಕೌಟಿಲ್ಯ ಬರಿಯ ಬಾಲವನ್ನು ನಂಬಲಿಲ್ಲ. ಬಾಲ ಒಂದು ಕುದುರೆ ಸತ್ತಿದೆ ಎಂದಷ್ಟೇ ಹೇಳುತ್ತದೆ. ಯಾವ ಕುದುರೆ ಎಂದು ಹೇಳುವುದು ಬರೆ ಹಾಕಿದ ಚರ್ಮ. ನೂನಿಜ್ ಹೇಳಿದ ಕತೆಯಲ್ಲಿ ಉಳಿದಿರುವುದು ಬಾಲ, ಬಿಟ್ಟುಹೋಗಿರುವುದು ಚರ್ಮ. ಅದಕ್ಕೆ ಕಾರಣವೂ ಇದೆ. ದೊರೆಯ ಕೈ ಸೇರುವ ಮೊದಲೇ ಸತ್ತ ಕುದುರೆಗೆ ದೊರೆಯ ಮುದ್ರೆ ಎಲ್ಲಿಂದ ಬರಬೇಕು?

ಕುದುರೆ ಲಾಯ ಸೇರಿದ ಮೇಲೆ ಮಾತ್ರ ವಿಜಯನಗರದ ಲೆಕ್ಕ ಬಿಗಿಯಾಗಿತ್ತು. ಸವಾರರಿಗೆ ಕೊಡುವ ಕುದುರೆಗಳಿಗೆಲ್ಲ ಅರಸನ ಬರೆ ಹಾಕುತ್ತಿದ್ದರು. ಕುದುರೆ ಸತ್ತರೆ ಬರೆಯಿದ್ದ ಚರ್ಮದ ತುಂಡನ್ನು ಲಾಯದ ಮುಖ್ಯಾಧಿಕಾರಿಗೆ ತಂದು ತೋರಿಸಿದವನಿಗೆ ಮಾತ್ರ ಇನ್ನೊಂದು ಕುದುರೆ. ಇದನ್ನು ಹೇಳುವವನೂ ನೂನಿಜ್‌ನೇ. ಹಾಗೆ ಬದಲಿಗೆ ಸಿಗುತ್ತಿದ್ದುದು ಹೆಚ್ಚಾಗಿ ನಾಡ ಕುದುರೆ. ಸಾವಿರ ಪರ್ದಾವ್‌ಗೆ ಹನ್ನೆರಡೋ ಹದಿನೈದೋ ಬರುವಂಥದು. ಬಂದರಿನಲ್ಲಿ ಅದೇ ಹಣಕ್ಕೆ ಮೂರೇ ಕುದುರೆ ಬರುತ್ತಿದ್ದವು ಎಂಬುದನ್ನು ನೆನೆದರೆ, ನಾಡ ಕುದುರೆಯ ಬಾಲಕ್ಕೆ ಅರಬ್ ಕುದುರೆಯ ಬೆಲೆ ವಸೂಲಾದರೆ ಎಷ್ಟು ಲಾಭವಿತ್ತು ಎಂಬುದು ತಿಳಿಯುತ್ತದೆ.

ಬರೆಯ ಉಪಾಯ ವಿಜಯನಗರದ್ದು ಮಾತ್ರವಲ್ಲ. ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯೂ ಮುಂದೆ ಅಕ್ಬರನೂ ಸೈನ್ಯದ ಕುದುರೆಗಳಿಗೆ ಬರೆ ಹಾಕಿಸಿದರು. ತಪಾಸಣೆಯ ದಿನ ಒಳ್ಳೆಯ ಕುದುರೆಯನ್ನು ಎರವಲು ತಂದು ತೋರಿಸಿ ಸಂಬಳ ಪಡೆದು, ಯುದ್ಧದ ದಿನ ಕುಂಟು ಕುದುರೆಯೊಡನೆ ಬರುವ ಸರದಾರರ ಚಾಳಿಗೆ ಅದು ಮದ್ದಾಗಿತ್ತು.

ಸಂಶಯಕ್ಕೆ ತೆತ್ತ ಬೆಲೆ

ಮೋಸದಿಂದ ಖಜಾನೆಗೆ ನಷ್ಟ. ಮೋಸದ ಆರೋಪದಿಂದ ಆಗುವ ನಷ್ಟ ಬೇರೆ ತರಹದ್ದು.

1443ರಲ್ಲಿ ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಎರಡನೆಯ ದೇವರಾಯನಿಗೆ ಕಾಣಿಕೆಯಾಗಿ ಐದು ಸುಂದರ ಕುದುರೆಗಳನ್ನು ತಂದಿದ್ದ. ಮೊದಲು ಒಳ್ಳೆಯ ಸತ್ಕಾರ ದೊರೆಯಿತು. ಅಷ್ಟರಲ್ಲಿ ಹೋರ್ಮುಜ್ ಕಡೆಯ ಕೆಲವರು, ಈತ ನಿಜವಾದ ರಾಯಭಾರಿಯೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು. ಅದನ್ನು ಸುಳ್ಳೆಂದು ತೋರಿಸಲು ದೂರದ ಹೆರಾತ್‌ನಿಂದ ಸಾಕ್ಷಿ ತರುವುದು ಸಾಧ್ಯವಿರಲಿಲ್ಲ. ಆತನಿಗೆ ಸಲ್ಲುತ್ತಿದ್ದ ಮರ್ಯಾದೆ ಇಳಿಯಿತು. ಕೊನೆಗೆ ಅವನು ಘಟ್ಟ ಇಳಿದು ಹೊನ್ನಾವರಕ್ಕೆ ಬಂದು 1444ರ ಆರಂಭದಲ್ಲಿ ಹೋರ್ಮುಜ್‌ನತ್ತ ಹಡಗು ಹತ್ತಿದ.

ಅವನು ಜೀವಸಹಿತ ಹೋದ. ಮುಂದಿನ ತಲೆಮಾರಿನಲ್ಲಿ ಭಟ್ಕಳದ ವ್ಯಾಪಾರಿಗಳಿಗೆ ಆ ಅದೃಷ್ಟವಿರಲಿಲ್ಲ. ಭಟ್ಕಳದಲ್ಲಿ ನೆಲೆಸಿದ್ದ ಮುಸ್ಲಿಂ ವರ್ತಕರು ಕುದುರೆಗಳನ್ನು ವಿಜಯನಗರದ ಶತ್ರುಗಳಾದ ಬಹಮನಿಗಳಿಗೆ ಮಾರುತ್ತಿದ್ದಾರೆ ಎಂಬ ಆರೋಪ ಎದ್ದಿತು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ದೊರೆಯ ಆಜ್ಞೆಯಂತೆ ಹೊನ್ನಾವರದ ಸಾಮಂತ ಅವರ ಕಗ್ಗೊಲೆ ನಡೆಸಿದನೆಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿದ್ದಾನೆ. ಸತ್ತವರು ಹತ್ತು ಸಾವಿರ ಎಂಬ ಅವನ ಅಂಕಿ ಅತಿಶಯವಿರಬಹುದು. ಅವನು ಬರೆದದ್ದೂ ಘಟನೆ ನಡೆದು ಬಹಳ ಕಾಲವಾದ ಮೇಲೆ. ಆದರೆ ಅಳಿದುಳಿದವರು ಗೋವೆಗೆ ಓಡಿಹೋಗಿ ಅಲ್ಲಿ ನೆಲೆಯೂರಿದರು ಎಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ.

ಯಾವ ವರ್ತಕ ಯಾರಿಗೆ ಎಷ್ಟು ಕುದುರೆ ಮಾರಿದ ಎಂದು ಯಾರೂ ಬಿಡಿಯಾಗಿ ವಿಚಾರಿಸಲಿಲ್ಲ. ಕೆಲವರು ಮಾರಿದ್ದಿರಬಹುದು, ದಂಡ ತೆತ್ತದ್ದು ಇಡೀ ಸಮುದಾಯ. ಇದರಿಂದ ವಿಜಯನಗರಕ್ಕೂ ಒಳ್ಳೆಯದಾಗಲಿಲ್ಲ. ಕುದುರೆಯ ವಹಿವಾಟು ಬಲ್ಲ ಜನರೇ ಗೋವೆಯ ಪಾಲಾದರು. ಸತ್ತ ಕುದುರೆಗೂ ಹಣ ಕೊಡುವ ನರಸಿಂಹನ ಔದಾರ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆದರಿದ ವ್ಯಾಪಾರಿಗಳನ್ನು ಮತ್ತೆ ಕರೆತರುವ ಅಗತ್ಯ ಅವನಿಗಿದ್ದಿರಬೇಕು.

ಕುದುರೆ ಹಣದ ಇನ್ನೊಂದು ವಂಚನೆ ಯುದ್ಧಕ್ಕೇ ನೆಪವಾಯಿತು. ಕೃಷ್ಣದೇವರಾಯ ಸೈಯದ್ ಮರಕ್ಕಾರ್ ಎಂಬವನಿಗೆ 40,000 ಪರ್ದಾವ್ ಕೊಟ್ಟು ಕುದುರೆ ಕೊಳ್ಳಲು ಗೋವೆಗೆ ಕಳಿಸಿದ. ಆತ ಹಣದ ಸಮೇತ ಆದಿಲ್‌ಶಾಹಿಯ ಆಶ್ರಯಕ್ಕೆ ಓಡಿಹೋದ. ಹಿಂತಿರುಗಿಸೆಂದು ರಾಯ ಕೇಳಿದರೂ ಆದಿಲ್ ಶಾ ಒಪ್ಪಿಸಲಿಲ್ಲ. 1520ರಲ್ಲಿ ರಾಯಚೂರಿನ ಯುದ್ಧ ನಡೆಯಿತು. ಶಾಂತಿ ಮುರಿಯಲು ರಾಯನೇ ಕಾರಣ ಹುಡುಕುತ್ತಿದ್ದ ಎಂದು ನೂನಿಜ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಯುದ್ಧದ ನಿಜವಾದ ಗುರಿ ರಾಯಚೂರು ದೋಆಬ್. ಆದರೂ ಮೇಲಿಂದ ಹೇಳಿಕೊಳ್ಳಲು ಒಬ್ಬ ಮೋಸಗಾರ ಬೇಕಾಗಿದ್ದ.

ಅಷ್ಟು ಹೊತ್ತಿಗೆ ಭಟ್ಕಳದ ಕುದುರೆ ವೈಭವ ಇಳಿಮುಖವಾಗಿತ್ತು. ಹೊನ್ನಾವರದ ನೌಕಾ ನಾಯಕ ತಿಮ್ಮೋಜನ ನೆರವಿನಿಂದ 1510ರಲ್ಲಿ ಗೋವೆ ಹಿಡಿದ ಅಲ್ಬುಕರ್ಕ್, ಕುದುರೆ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟು ಮಾಡಿದ. 1516ರ ಸುಮಾರಿಗೆ ಬರೆದ ಬಾರ್ಬೋಸ, ಭಟ್ಕಳಕ್ಕೆ ಬರುತ್ತಿದ್ದ ಕುದುರೆಗಳು ಈಗ ಗೋವೆಗೆ ಹೋಗುತ್ತಿವೆ ಎಂದು ಹೇಳಿದ್ದಾನೆ.

ಓಟದ ಕಣದಲ್ಲಿ

ಯುದ್ಧದಿಂದ ಕುದುರೆ ಮರೆಯಾದ ಮೇಲೂ ಅದರ ಮೇಲೆ ಹಣ ಹೂಡುವುದು ನಿಲ್ಲಲಿಲ್ಲ. ಬ್ರಿಟಿಷರ ಕಾಲದಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ಕುದುರೆ ಪಂದ್ಯಗಳು ಬೇರುಬಿಟ್ಟವು. ಮೋಸದ ರೂಪವೂ ಬದಲಾಯಿತು. ಹಿಂದೆ ಇಲ್ಲದ ಕುದುರೆಯನ್ನು ಇದ್ದಂತೆ ತೋರಿಸುತ್ತಿದ್ದರು. ಈಗ ಇರುವ ಕುದುರೆಯನ್ನು ಅದರ ಶಕ್ತಿಗೆ ಮೀರಿ ಓಡಿಸುವುದು, ಇಲ್ಲವೆ ಗೆಲ್ಲಬಲ್ಲ ಕುದುರೆಯನ್ನು ಮಂಕು ಮಾಡಿ ಸೋಲಿಸುವುದು.

ಇಂಗ್ಲೆಂಡಿನ ಜಾಕಿ ಕ್ಲಬ್ 1903ರಲ್ಲಿ ಉದ್ದೀಪನ ಮದ್ದನ್ನು ನಿಷೇಧಿಸಿತು. 1910ರ ಸುಮಾರಿಗೆ ವಿಯೆನ್ನಾದಲ್ಲಿ ಕುದುರೆಯ ಜೊಲ್ಲನ್ನು ಪರೀಕ್ಷಿಸಿ ಮದ್ದು ಪತ್ತೆ ಮಾಡುವ ಕ್ರಮ ಶುರುವಾಯಿತು. ಮುಂದೆ ಮೂತ್ರ ಮತ್ತು ರಕ್ತದ ಪರೀಕ್ಷೆಗಳು ಬಂದವು. ಪಂದ್ಯ ಮುಗಿಸಿ ಬಂದ ಕುದುರೆಯನ್ನು ಬೇರೆ ಲಾಯಕ್ಕೆ ಕರೆದೊಯ್ಯುತ್ತಾರೆ. ಸಹೀಸ ಮೆಲ್ಲಗೆ ಸಿಳ್ಳೆ ಹಾಕುತ್ತಾನೆ. ಸಿಳ್ಳೆ ಕೇಳಿದರೆ ಮೂತ್ರ ಮಾಡುವಂತೆ ಅನೇಕ ಕುದುರೆಗಳಿಗೆ ಅಭ್ಯಾಸ ಮಾಡಿಸಿರುತ್ತಾರೆ. ಹಿಡಿದ ಮೂತ್ರವನ್ನು ಎರಡು ಪಾಲು ಮಾಡಿ ಮೊಹರು ಹಾಕುತ್ತಾರೆ. ಪ್ರಯೋಗಶಾಲೆಗೆ ಹೋಗುವುದು ಸಂಖ್ಯೆ ಮಾತ್ರ, ಕುದುರೆಯ ಹೆಸರಲ್ಲ.

ಅಡುಗೆ ಸೋಡಾದ ಕರಾಮತ್ತು

ಭಾರತದ ಪಂದ್ಯಗಳಲ್ಲಿ ಜಾಕಿ ಕುದುರೆಯ ಬೆನ್ನ ಮೇಲೆ ಕೂರುತ್ತಾನೆ. ಅಮೆರಿಕ, ಕೆನಡಾ, ಸ್ವೀಡನ್, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ಇನ್ನೊಂದು ಬಗೆಯ ಪಂದ್ಯವೂ ಜನಪ್ರಿಯ. ಅಲ್ಲಿ ಕುದುರೆಗೆ ಎರಡು ಗಾಲಿಯ ಹಗುರ ಗಾಡಿ ಕಟ್ಟಿ, ಅದರಲ್ಲಿ ಕುಳಿತು ಲಗಾಮು ಹಿಡಿಯುತ್ತಾರೆ. ಕುದುರೆ ನಾಗಾಲೋಟ ಓಡುವಂತಿಲ್ಲ, ನಿಗದಿಯಾದ ನಡೆಯಲ್ಲೇ ವೇಗವಾಗಿ ಸಾಗಬೇಕು. ಮದ್ದಿನ ಪರೀಕ್ಷೆಯ ಇತಿಹಾಸದಲ್ಲಿ ಒಂದು ವಿಚಿತ್ರ ಅಧ್ಯಾಯ ಬಂದದ್ದು ಈ ಗಾಡಿ ಓಟದಿಂದ.

ಓಡುವಾಗ ಸ್ನಾಯುಗಳಲ್ಲಿ ಆಮ್ಲ ಹೆಚ್ಚಿ ದಣಿವಾಗುತ್ತದೆ. ಆಮ್ಲಕ್ಕೆ ಕ್ಷಾರ ಮದ್ದು. ಪ್ರತಿ ಅಡುಗೆಮನೆಯಲ್ಲೂ ಇರುವ ಸೋಡಾ ಒಂದು ಕ್ಷಾರವೇ. ಸೋಡಾ ಮತ್ತು ಸಕ್ಕರೆಯನ್ನು ನೀರಿನಲ್ಲಿ ಕಲಸಿ, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ, ಪಂದ್ಯಕ್ಕೆ ಕೆಲವು ಗಂಟೆ ಮುಂಚೆ ಕುದುರೆಗೆ ಕುಡಿಸುತ್ತಿದ್ದರು. ಸೋಡಾ ಮದ್ದಲ್ಲ, ವಿಷವಲ್ಲ. ಕುದುರೆಯ ರಕ್ತದಲ್ಲಿ ಸಹಜವಾಗಿಯೂ ಆ ಅಂಶ ಇರುತ್ತದೆ. ಹಾಗಾದರೆ ಮೋಸವನ್ನು ಹಿಡಿಯುವುದು ಹೇಗೆ? ಕೊನೆಗೆ ಮಿತಿಯೊಂದನ್ನು ಗೊತ್ತು ಮಾಡಿದರು. ರಕ್ತದ ದ್ರವಭಾಗದಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಲೀಟರಿಗೆ 36 ಮಿಲಿಮೋಲ್ ದಾಟಬಾರದೆಂಬುದು ಅಂತರರಾಷ್ಟ್ರೀಯ ಮಿತಿ. ಸೋಡಾ ಕುಡಿಯದ ಕುದುರೆಯಲ್ಲಿ ಅದು ಅಷ್ಟು ಏರುವುದು ತೀರ ಅಪರೂಪ.

ಆದರೆ ಕಳ್ಳ ಚಾಪೆಯ ಕೆಳಗೆ ನುಸುಳಿದರೆ ಕೆಲವರು ರಂಗೋಲಿಯ ಕೆಳಗೆ ನುಸುಳುತ್ತಾರೆ. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸರ್ಕಾರಿ ವಕೀಲರು ತರಬೇತುದಾರರು, ಪಶುವೈದ್ಯರು ಸೇರಿ 27 ಜನರ ಮೇಲೆ ಮೊಕದ್ದಮೆ ಹೂಡಿದರು. ಗಾಡಿ ಓಟದವರೂ ಸವಾರಿ ಓಟದವರೂ ಅದರಲ್ಲಿದ್ದರು. ಪರೀಕ್ಷೆಯಲ್ಲಿ ಸಿಗದಂಥ ಔಷಧಗಳನ್ನೇ ತಯಾರಿಸಿ ಹಂಚಿದರು ಎಂಬುದು ಆರೋಪ. ಹಲವರಿಗೆ ಸೆರೆಮನೆ ವಾಸವಾಯಿತು. ಅವರನ್ನು ಸಿಕ್ಕಿಸಿದ್ದು ಮುಖ್ಯವಾಗಿ ಪ್ರಯೋಗಶಾಲೆಯ ಸೀಸೆಗಳಲ್ಲ, ಅವರವರೇ ಆಡಿಕೊಂಡ ದೂರವಾಣಿ ಮಾತುಗಳು.

ಎರಡನೆಯ ಸೀಸೆ

ಕರ್ನಾಟಕದಲ್ಲೂ ಇಂಥ ವಿವಾದಗಳಾಗಿವೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗೆದ್ದ ‘ಕ್ವೀನ್ ಲತೀಫಾ’ ಎಂಬ ಕುದುರೆಯ ಮೂತ್ರದಲ್ಲಿ ಪ್ರೊಕೇನ್ ಎಂಬ ನಿಷೇಧಿತ ವಸ್ತು ಕಂಡುಬಂದಾಗ ದೊಡ್ಡ ಗದ್ದಲವೆದ್ದು, ಸಂಗತಿ ಪೊಲೀಸ್ ದೂರಿನವರೆಗೂ ಹೋಯಿತು. ಒಂದು ಪ್ರಕರಣದ ಸರಿ ತಪ್ಪಿಗಿಂತ ಪ್ರೊಕೇನ್‌ನ ಗುಣ ಇಲ್ಲಿ ವಿಚಾರ ಮಾಡತಕ್ಕದ್ದು. ಪ್ರೊಕೇನ್ ನೋವನ್ನು ಮರೆಸುವ ಮದ್ದು. ಕಾಲು ನೋಯುವ ಕುದುರೆಗೆ ಕೊಟ್ಟರೆ ನೋವು ತಿಳಿಯದೆ ಓಡುತ್ತದೆ. ಓಡುತ್ತ ಮೂಳೆ ಮುರಿದುಕೊಳ್ಳುವ, ಸವಾರನನ್ನೂ ಕೆಡಹುವ ಅಪಾಯವಿದೆ. ಅದೇ ಪ್ರೊಕೇನ್ ಪೆನಿಸಿಲಿನ್ನಿನ ಒಂದು ಬಗೆಯ ಚುಚ್ಚುಮದ್ದಿನಲ್ಲೂ ಇರುತ್ತದೆ. ಗಾಯಕ್ಕೆಂದು ಪಶುವೈದ್ಯ ಕೊಟ್ಟ ಚುಚ್ಚುಮದ್ದಿನ ಅಂಶ ದಿನಗಟ್ಟಲೆ ಮೂತ್ರದಲ್ಲಿ ಕಾಣಿಸುವುದುಂಟು. ವಸ್ತು ಸಿಕ್ಕಿತು ಎಂಬುದು ಒಂದು ಸಂಗತಿ. ಯಾರು, ಯಾವಾಗ, ಏಕೆ ಕೊಟ್ಟರು ಎಂಬುದು ಇನ್ನೊಂದು. ಸೀಸೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಬಲ್ಲದು.

ಹಾಗಾಗಿಯೇ ಮೂತ್ರವನ್ನು ಎರಡು ಸೀಸೆಗಳಲ್ಲಿ ತುಂಬುವ ಪದ್ಧತಿ ಬಂದಿದೆ. ಮೊದಲ ಸೀಸೆಯಲ್ಲಿ ಮದ್ದು ಕಂಡರೆ, ಎರಡನೆಯದನ್ನು ಬೇರೊಂದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಎಂದು ಆರೋಪಿ ಕೇಳಬಹುದು. ಮೊದಲ ಸೀಸೆ ಇರುವುದು ಪಂದ್ಯ ಕಟ್ಟಿದವರ ಹಣ ಕಾಯಲು. ಎರಡನೆಯದು ಇರುವುದು ಆರೋಪ ಹೊತ್ತವನ ಮಾನ ಕಾಯಲು.

ಕರಾವಳಿಯ ಕಂಬಳವೂ ಈಗ ಇದೇ ದಾರಿ ಹಿಡಿದಿದೆ. ನೊಗಕ್ಕೆ ಕಟ್ಟಿದ ಕೋಣಗಳ ಹಿಂದೆ ಕೆಸರಿನಲ್ಲಿ ಓಡುವ ಈ ಆಟದಲ್ಲಿ ಹಿಂದೆ ಗೆದ್ದವರಾರೆಂದು ತೀರ್ಪುಗಾರರ ಕಣ್ಣು ಹೇಳುತ್ತಿತ್ತು, ಜಗಳಗಳಿಗೂ ಕೊರತೆಯಿರಲಿಲ್ಲ. ಈಗ ಗುರಿಗೆರೆಯಲ್ಲಿ ಲೇಸರ್ ಕಿರಣ ಕಾಯುತ್ತದೆ. ಆದರೂ 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ, ಯಾರೋ ಅದನ್ನು ನೂರು ಮೀಟರಿಗೆ 9.55 ಸೆಕೆಂಡ್ ಎಂದು ಭಾಗಿಸಿ, ಉಸೇನ್ ಬೋಲ್ಟನ ದಾಖಲೆಯನ್ನು ಮುರಿದನೆಂದು ದೇಶಕ್ಕೆಲ್ಲ ಸಾರಿದರು. ನೊಗ ಹಿಡಿದು ಓಡುವವನನ್ನು ಕೋಣಗಳೂ ಎಳೆಯುತ್ತವೆ ಎಂಬುದನ್ನು ಆ ಲೆಕ್ಕ ಮರೆತಿತ್ತು. ಮುಂದೆ ಆ ದಾಖಲೆಯ ಬಗೆಗೇ ಪ್ರಶ್ನೆಗಳೆದ್ದವು. ತಾನು ಕೇಳದ ಹೋಲಿಕೆಗೆ ಓಟಗಾರನೇ ಉತ್ತರ ಹೇಳಬೇಕಾಗಿ ಬಂತು.

ಭಟ್ಕಳದ ಬಂದರಿನಲ್ಲಿ ಇಂದು ಕಾಣುವುದು ಮೀನುಗಾರಿಕೆ ದೋಣಿಗಳು. ಕುದುರೆ ಇಳಿದ ಕಟ್ಟೆ ಯಾವುದು, ಬಾಲಗಳನ್ನು ಎಣಿಸಿದವರು ಎಲ್ಲಿ ಕುಳಿತಿದ್ದರು ಎಂದು ತೋರಿಸುವ ಗುರುತುಗಳಿಲ್ಲ. ಅರಬ್ ನಾಡಿನೊಂದಿಗಿನ ನಂಟು ಮಾತ್ರ ಬೇರೆ ರೂಪದಲ್ಲಿ ಉಳಿದಿದೆ. ಊರಿನ ನವಾಯತ ಕುಟುಂಬಗಳ ಅನೇಕರು ಈಗಲೂ ಕೊಲ್ಲಿ ದೇಶಗಳಲ್ಲಿ ವ್ಯಾಪಾರ, ಉದ್ಯೋಗ ಮಾಡುತ್ತಾರೆ. ಐದು ಶತಮಾನಗಳ ಹಿಂದೆ ಇದೇ ಊರಿನಲ್ಲಿ ಬಾಲ ತೋರಿಸಿದವನ ಮಾತನ್ನು ಪರೀಕ್ಷೆಯಿಲ್ಲದೆ ನಂಬಿದ ಆಳ್ವಿಕೆಯೂ ಇತ್ತು, ವಿಚಾರಣೆಯಿಲ್ಲದೆ ವ್ಯಾಪಾರಿಗಳ ತಲೆ ತೆಗೆದ ಆಳ್ವಿಕೆಯೂ ಇತ್ತು. ಎರಡಕ್ಕೂ ನಡುವೆ ಅಂತರ ಕೆಲವೇ ವರ್ಷಗಳದ್ದು.